ಪಿ.ಪಿ. ನಂಬರಿನ ಅಮ್ಮ

ಈಗಿನ ಮಕ್ಕಳಿಗೆ ಪಿ.ಪಿ. ನಂಬರ್ ಅಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಮನೆಮನೆಗೆ ಫೋನ್ ಇಲ್ಲದ ಕಾಲದಲ್ಲಿ ಪಕ್ಕದ ಮನೆಯವರದೋ ಕೆಳಗಿನ ಅಂಗಡಿಯವರದೋ ನಂಬರ್ ಬರೆದು, ಅದರ ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಈ ಫೋನ್ ನನ್ನದಲ್ಲ, ಆದರೆ ಇಲ್ಲಿಗೆ ಮಾಡಿದರೆ ನನ್ನನ್ನು ಕರೆದುಕೊಡುತ್ತಾರೆ ಎಂದು ಅದರ ಅರ್ಥ. ಕೆಲಸದ ಅರ್ಜಿಯಲ್ಲಿ, ಊರಿಗೆ ಬರೆದ ಇನ್‌ಲ್ಯಾಂಡ್ ಪತ್ರದ ಕೊನೆಯಲ್ಲಿ, ಗಂಡಿನ ಕಡೆಯವರಿಗೆ ಕೊಟ್ಟ ಚೀಟಿಯಲ್ಲಿ ಆ ಎರಡಕ್ಷರ ಇರುತ್ತಿತ್ತು. 1990ರ ದಶಕದಲ್ಲಿ ಡೊಂಬಿವಲಿ ಪೂರ್ವದ ಹತ್ತಾರು ಕನ್ನಡದ ಮನೆಗಳ ಪಿ.ಪಿ. ನಂಬರ್ ನಮ್ಮ ಮನೆಯದಾಗಿತ್ತು. ಮುಂಬಯಿಯ ಹಾಗೆ 022 ಅಲ್ಲ, ನಮ್ಮದು 0251. ಫೋನ್ ಇದ್ದದ್ದು ಅಪ್ಪನ ಹೆಸರಿನಲ್ಲಿ. ಎತ್ತುತ್ತಿದ್ದವಳು ಅಮ್ಮ.

ಅಮ್ಮ 2023ರ ಮಳೆಗಾಲದಲ್ಲಿ ತೀರಿಕೊಂಡಳು. ಆಗ ಅವಳಿಗೆ ಎಪ್ಪತ್ತು. ಯಾವ ಸಂಘದ ಅಧ್ಯಕ್ಷೆಯೂ ಆಗಿರಲಿಲ್ಲ, ಕಾರ್ಯದರ್ಶಿಯೂ ಆಗಿರಲಿಲ್ಲ. ನಮ್ಮ ಕಡೆಯ ಸಂಘಗಳ ವಾರ್ಷಿಕ ವರದಿಗಳನ್ನು ನೀವೂ ಓದಿರುತ್ತೀರಿ. ಅಧ್ಯಕ್ಷರು, ಉಪಾಧ್ಯಕ್ಷರು, ದಾನಿಗಳು, ಶಾಲು ಹೊದೆಸಿಕೊಂಡವರು ಎಲ್ಲರ ಹೆಸರು ಮುಗಿದ ಮೇಲೆ ಕೊನೆಗೊಂದು ಸಾಲು ಬರುತ್ತದೆ: ‘ಹಾಗೂ ಮಹಿಳಾ ವಿಭಾಗದ ಎಲ್ಲ ಸದಸ್ಯೆಯರಿಗೆ ಕೃತಜ್ಞತೆಗಳು’. ಅಮ್ಮ ನಲವತ್ತು ವರ್ಷ ಆ ‘ಎಲ್ಲ’ ಎಂಬುದರೊಳಗೆ ಇದ್ದಳು. ಅವಳಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ. ಆದರೆ ಹೊರನಾಡಿನಲ್ಲಿ ಕನ್ನಡದ ಬದುಕು ಯಾರ ಮೇಲೆ ನಿಂತಿತ್ತು ಎಂದು ಮುಂದೆ ಯಾರಾದರೂ ಹುಡುಕಿದರೆ ಆ ವರದಿಗಳಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮಾಟುಂಗದಿಂದ ಡೊಂಬಿವಲಿಗೆ

ಮುಂಬಯಿಯ ಕನ್ನಡ ಎಂದ ಕೂಡಲೇ ನೆನಪಾಗುವುದು ಮಾಟುಂಗ, ಮಾಹಿಮ್, ಫೋರ್ಟ್. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಉಡುಪಿ ಹೋಟೆಲುಗಳು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು. 1956ರ ತನಕ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರದ ಜನಕ್ಕೆ ಮುಂಬಯಿಯೇ ರಾಜಧಾನಿ. ಕುಂದಾಪುರ, ಉಡುಪಿ, ಮಂಗಳೂರಿನವರಿಗೆ ಅದು ಅನ್ನದ ಊರು. ಆದರೆ ಸಂಸಾರ ಹೂಡುವ ಹೊತ್ತಿಗೆ ಮಾಟುಂಗದ ಬಾಡಿಗೆ ಕೈಗೆಟಕುತ್ತಿರಲಿಲ್ಲ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಓಡಿದ ಹಳಿಯನ್ನೇ ಹಿಡಿದು ನಮ್ಮವರೂ ಮುಂದೆ ಮುಂದೆ ಸರಿದರು. ಥಾಣೆ, ಡೊಂಬಿವಲಿ, ಕಲ್ಯಾಣ್. ಕೊಲ್ಲಿಯ ಆಚೆ ನವಿಮುಂಬಯಿ ಕಟ್ಟತೊಡಗಿದ ಮೇಲೆ ವಾಶಿ, ನೆರೂಲ್.

ಅಮ್ಮ 1974ರಲ್ಲಿ ಮದುವೆಯಾಗಿ ಕುಂದಾಪುರದ ಕಡೆಯಿಂದ ಡೊಂಬಿವಲಿಯ ಚಾಳಿನ ಒಂದು ಖೋಲಿಗೆ ಬಂದಳು. ಅಪ್ಪನಿಗೆ ಥಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ಅಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನೂ ಕಟ್ಟಿದ್ದಳು, ಹಾಗಾಗಿ ನಾಗರಿ ಲಿಪಿ ಬರುತ್ತಿತ್ತು. ಮರಾಠಿಯನ್ನು ಪಕ್ಕದ ಖೋಲಿಯ ಕಾಕುವಿನಿಂದ ನಲ್ಲಿಯ ಕ್ಯೂನಲ್ಲಿ ನಿಂತು ಕಲಿತಳು. ನೀರು ಬೆಳಗಿನ ಜಾವ ನಾಲ್ಕೂವರೆಗೆ ಬರುತ್ತಿತ್ತು. ‘ನನ್ನ ಮರಾಠಿ ನಾಲ್ಕೂವರೆ ಗಂಟೆಯ ಮರಾಠಿ’ ಎಂದು ನಗುತ್ತಿದ್ದಳು.

ತಡವಾಗಿ ಬಂದ ತಂತಿ

1986ರಲ್ಲಿ ಅಮ್ಮನ ಅಮ್ಮ, ನನ್ನ ಅಜ್ಜಿ, ಊರಲ್ಲಿ ತೀರಿಕೊಂಡರು. ತಂತಿ ಬಂದು ಮುಟ್ಟಿದ್ದು ಮೂರನೆಯ ದಿನ. ಅಲ್ಲಿಂದ ಬಸ್ ಹಿಡಿದು ಊರು ಮುಟ್ಟಲು ಒಂದು ರಾತ್ರಿ ಮತ್ತು ಒಂದು ಹಗಲು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ, ಅದಕ್ಕೆ ಇನ್ನೂ ಹನ್ನೆರಡು ವರ್ಷ ಇತ್ತು. ಅಮ್ಮ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ನನಗೆ ಒಂಬತ್ತು ವರ್ಷ. ತಂತಿಯ ಆ ಕಾಗದವನ್ನು ಅಮ್ಮ ದೇವರ ಪಟದ ಹಿಂದೆ ಬಹಳ ಕಾಲ ಇಟ್ಟಿದ್ದಳು.

1991ರಲ್ಲಿ, ವರ್ಷಗಟ್ಟಲೆ ಕಾದ ಮೇಲೆ, ಮನೆಗೆ ಫೋನ್ ಬಂತು. ಅಪ್ಪ ಅದಕ್ಕೆ ಬೀಗ ಹಾಕುವ ಮಾತಾಡಿದರು. ಆ ಕಾಲದಲ್ಲಿ ಡಯಲ್‌ಗೆ ಬೀಗ ಹಾಕುವುದು ಎಲ್ಲ ಮನೆಗಳ ರೂಢಿ. ಅಮ್ಮ ಒಪ್ಪಲಿಲ್ಲ. ಅಷ್ಟೇ ಅಲ್ಲ, ಚಾಳಿನ ಕನ್ನಡದವರಿಗೆಲ್ಲ ಹೇಳಿ ಬಂದಳು: ‘ಊರಿಗೆ ನಮ್ಮ ನಂಬರ್ ಕೊಡಿ. ಸುದ್ದಿ ತಡ ಆಗ್ಬಾರ್ದು.’ ಅಂದಿನಿಂದ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತಿತ್ತು, ಎಸ್‌ಟಿಡಿ ದರ ಕಡಿಮೆಯಾಗುವುದು ರಾತ್ರಿಯ ಹೊತ್ತಿಗಲ್ಲವೇ? ಸೆರಗು ಹೊದ್ದುಕೊಂಡು ಮೂರು ಬಿಲ್ಡಿಂಗ್ ಆಚೆ ಹೋಗಿ ಕರೆದು ತರುತ್ತಿದ್ದಳು. ಹೆರಿಗೆಯ ಸುದ್ದಿಯಾದರೆ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದಳು. ಸಾವಿನ ಸುದ್ದಿಯಾದರೆ ಮೇಲೆ ಹೋಗಿ, ಒಳಗೆ ಕೂತು, ನೀರು ಕುಡಿಸಿದ ಮೇಲೆ ಹೇಳುತ್ತಿದ್ದಳು. ಹಾಗಾಗಿ ಅಮ್ಮ ಕೂಗದೆ ಮೆಟ್ಟಿಲು ಹತ್ತಿದರೆ ಜನ ಹೆದರುತ್ತಿದ್ದರು.

ಒಂದೇ ಹೆಸರು, ಎಲ್ಲ ಕಾಗದದಲ್ಲಿ

ಫೋನಿಗೆ ಬಂದವರು ಕಾಗದ ಹಿಡಿದು ಬರತೊಡಗಿದರು. ಮನಿಯಾರ್ಡರ್ ಫಾರ್ಮ್, ರೇಷನ್ ಕಾರ್ಡ್, ರೈಲ್ವೆ ರಿಸರ್ವೇಶನ್, ಶಾಲೆಯ ದಾಖಲಾತಿ. ನಮ್ಮವರಿಗೆ ಮಹಾರಾಷ್ಟ್ರದ ಫಾರ್ಮ್‌ಗಳಲ್ಲಿ ಇರುವ ದೊಡ್ಡ ತೊಡಕು ಹೆಸರಿನದು. ಇಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ತಂದೆಯದೋ ಗಂಡನದೋ ಹೆಸರು, ಕೊನೆಗೆ ಅಡ್ಡಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಇನಿಶಿಯಲ್ ಬಿಟ್ಟರೆ ಅಡ್ಡಹೆಸರೇ ಇಲ್ಲ. ಒಬ್ಬಳೇ ಹೆಂಗಸು ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಮಗುವಿನ ಶಾಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಆಗಿಬಿಡುತ್ತಿದ್ದಳು.

ಅಮ್ಮ ಇದಕ್ಕೊಂದು ಉಪಾಯ ಮಾಡಿದ್ದಳು. ಬಂದವರ ಪೂರ್ತಿ ಹೆಸರನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಕೆಳಗೆ ನಾಗರಿಯಲ್ಲಿ, ಅದರ ಕೆಳಗೆ ಕನ್ನಡದಲ್ಲಿ ಬರೆದು ರೇಷನ್ ಕಾರ್ಡಿನ ಒಳಬದಿಗೆ ಅಂಟಿಸುತ್ತಿದ್ದಳು. ‘ಯಾರು ಕೇಳಿದ್ರೂ ಇದನ್ನೇ ತೋರ್ಸಿ, ಬಾಯಲ್ಲಿ ಹೇಳ್ಬೇಡಿ.’ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೇನೆ. ಆಧಾರ್ ಬಂದು, ಕೆವೈಸಿ ಕಡ್ಡಾಯವಾದ ಮೇಲೆ ಒಂದಕ್ಷರ ಹೊಂದದೆ ಪಿಂಚಣಿ ನಿಂತವರನ್ನು, ಗಂಡ ಸತ್ತ ಮೇಲೆ ಠೇವಣಿ ಬಿಡಿಸಿಕೊಳ್ಳಲಾಗದೆ ಅಲೆದವರನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಅಮ್ಮನ ಚೀಟಿ ಅಂಟಿಸಿಕೊಂಡವರಿಗೆ ಆ ಅಲೆದಾಟ ಇರಲಿಲ್ಲ.

ಎರಡು ಕನ್ನಡದ ನಡುವೆ

ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿ ಎಲ್ಲಿಯ ಕೂಲಿ ನಾಕಾಕ್ಕೆ ಬೆಳಗ್ಗೆ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರು. ನಮ್ಮ ಸಂಘಗಳ ಯಕ್ಷಗಾನಕ್ಕೂ ರಾಜ್ಯೋತ್ಸವಕ್ಕೂ ಅವರು ಬರುವುದು ಕಡಿಮೆ. ಕರೆಯುವವರೂ ಕಡಿಮೆ.

ಅಮ್ಮನಿಗೆ ಅವರ ಪರಿಚಯವಾದದ್ದು ಒಂದು ದವಾಖಾನೆಯ ಸಾಲಿನಲ್ಲಿ. ಬಸುರಿ ಹೆಂಗಸೊಬ್ಬಳು ‘ಹೊಟ್ಟಿ ಕಡೀತೈತ್ರಿ’ ಎಂದು ಅಳುತ್ತಿದ್ದಳು. ಅಮ್ಮನಿಗೆ ಗೊತ್ತಿದ್ದ ‘ಕಡಿತ’ ಎಂದರೆ ಹಾವಿನದೋ ಇರುವೆಯದೋ. ‘ಎಂತ ಕಡ್ದದ್ದು?’ ಎಂದು ಕೇಳಿದಳು. ಅವಳಿಗೆ ಇದು ಅರ್ಥವಾಗಲಿಲ್ಲ. ಕೊನೆಗೆ ಕೈಸನ್ನೆಯಲ್ಲಿ ಕೇಳಿ, ಅದು ನೋವು, ಬಿಟ್ಟು ಬಿಟ್ಟು ಬರುತ್ತಿದೆ ಎಂದು ತಿಳಿದು, ಒಳಗಿನ ಸಿಸ್ಟರ್‌ಗೆ ‘ಪೋಟಾತ್ ಕಳಾ ಯೇತಾತ್’ ಎಂದು ಹೇಳಿದಳು. ಕುಂದಾಪ್ರ ಕನ್ನಡದಿಂದ ಕಲಬುರಗಿ ಕನ್ನಡಕ್ಕೆ, ಅಲ್ಲಿಂದ ಮರಾಠಿಗೆ. ಆ ಹೆಂಗಸಿಗೆ ಅಂದು ಸಂಜೆಯೇ ಹೆಣ್ಣುಮಗು ಹುಟ್ಟಿತು.

ಆಮೇಲೆ ಬುಧವಾರ ಅಮ್ಮನ ದವಾಖಾನೆ ದಿನವಾಯಿತು. ಅಲ್ಲಿ ಅವಳದೇ ನಿಯಮಗಳಿದ್ದವು. ರೋಗಿ ಹೇಳಿದ್ದನ್ನಷ್ಟೇ ಹೇಳಬೇಕು, ತನ್ನ ಊಹೆ ಸೇರಿಸಬಾರದು. ಡಾಕ್ಟರ್ ಹೇಳಿದ್ದನ್ನು ರೋಗಿಯ ಬಾಯಿಂದ ಒಮ್ಮೆ ತಿರುಗಿ ಹೇಳಿಸಬೇಕು. ಮಾತ್ರೆಯ ಚೀಟಿಯ ಮೇಲೆ ಸೂರ್ಯ ಬರೆದರೆ ಬೆಳಗ್ಗೆ, ತಟ್ಟೆ ಬರೆದರೆ ಮಧ್ಯಾಹ್ನ, ಚಂದ್ರ ಬರೆದರೆ ರಾತ್ರಿ. ಒಳಗೆ ಕೇಳಿದ್ದನ್ನು ಹೊರಗೆ ಯಾರಿಗೂ ಹೇಳಬಾರದು. ಈ ಕೊನೆಯ ನಿಯಮವನ್ನು ನಮ್ಮ ಮನೆಯಲ್ಲಿ ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದಳೆಂದರೆ, ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ‘ಇವತ್ತು ಯಾರಿಗೆ ಏನಾಗಿತ್ತು?’ ಎಂದು ಕೇಳಿದರೆ ‘ಸಾರು ಹಾಕ್ಲಾ?’ ಎನ್ನುತ್ತಿದ್ದಳು.

ಹಾಗೆಂದು ಅಮ್ಮ ಬರಿಯ ಮೆದು ಸ್ವಭಾವದವಳಲ್ಲ. ತಡವಾಗಿ ಬಂದವರಿಗೆ ಬೈಯುತ್ತಿದ್ದಳು. ಹೆಂಡತಿಯ ಕಾಗದಪತ್ರಕ್ಕೆ ತಾನೇ ಸಹಿ ಹಾಕಲು ಬಂದ ಗಂಡಸರನ್ನು ಹೊರಗೆ ಕೂರಿಸುತ್ತಿದ್ದಳು. ಹುಡುಗಿಯನ್ನು ಹದಿನಾರಕ್ಕೇ ಮದುವೆ ಮಾಡಲು ಹೊರಟ ಒಂದು ಮನೆಯ ಜೊತೆ ಮಾತು ಬಿಟ್ಟು, ಅವರು ನಿರ್ಧಾರ ಬದಲಿಸಿದ ಮೇಲೆ ತಾನೇ ಉಂಡೆ ಕಟ್ಟಿಕೊಂಡು ಹೋದಳು.

ಸೇತುವೆಯ ಮೇಲೆ ಅಜ್ಜಿ

ನಾನು ಮದುವೆಯಾಗಿ ಕಲ್ಯಾಣಿಗೆ ಹೋದೆ. ಕೆಲಸ ವಾಶಿಯಲ್ಲಿ. 2004ರಲ್ಲಿ ಮಗಳು ಹುಟ್ಟಿದಳು, ಅದೇ ವರ್ಷದ ಕೊನೆಗೆ ಥಾಣೆಯಿಂದ ವಾಶಿಗೆ ನೇರ ಲೋಕಲ್ ಶುರುವಾಯಿತು. ಹೊಸ ಹಳಿ ಬಂದರೂ ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ? ದಿನಾ ಬೆಳಗ್ಗೆ ಮಗುವನ್ನು ಎತ್ತಿಕೊಂಡು ಕಲ್ಯಾಣಿನಲ್ಲಿ ಸ್ಲೋ ಲೋಕಲ್ ಹತ್ತಿ ಡೊಂಬಿವಲಿಯಲ್ಲಿ ಇಳಿಯುತ್ತಿದ್ದೆ. ಅಮ್ಮ ಸ್ಟೇಷನ್ ಸೇತುವೆಯ ಮೆಟ್ಟಿಲ ಬದಿಯಲ್ಲಿ ನಿಂತಿರುತ್ತಿದ್ದಳು. ಮಗು, ಚೀಲ, ಹಾಲಿನ ಬಾಟಲಿ ಅವಳ ಕೈಗೆ. ಅವಳ ಕೈಯಲ್ಲಿದ್ದ ಊಟದ ಡಬ್ಬಿ ನನ್ನ ಕೈಗೆ. ಮುಂದಿನ ಗಾಡಿಗೆ ನಾನು ಥಾಣೆ. ಎರಡನೆಯ ಮಗುವಿಗೂ ಇದೇ ವ್ಯವಸ್ಥೆ. ಒಟ್ಟು ಎಂಟು ವರ್ಷ.

ನನ್ನ ಜೊತೆಗೆ ಲೇಡೀಸ್ ಡಬ್ಬಿಯಲ್ಲಿ ಬರುತ್ತಿದ್ದ ಶಿಕ್ಷಕಿಯರು, ನರ್ಸ್‌ಗಳು, ಕಚೇರಿಯ ಗುಮಾಸ್ತೆಯರು ಎಲ್ಲರ ಹಿಂದೆಯೂ ಇಂಥದೊಬ್ಬ ಅಮ್ಮನೋ ಅತ್ತೆಯೋ ಇದ್ದರು. ಅಮ್ಮನಂತೂ ನನ್ನ ಎರಡು ಮಕ್ಕಳ ಜೊತೆ ಬಿಲ್ಡಿಂಗಿನ ಇನ್ನೂ ಇಬ್ಬರು ಮೂವರನ್ನು ನೋಡಿಕೊಳ್ಳುತ್ತಿದ್ದಳು. ದುಡ್ಡು ಕೊಡಲು ಬಂದರೆ ‘ನಾನೇನು ಪಾಳಣಾಘರ್ ಇಟ್ಟಿದ್ದೇನಾ?’ ಎಂದು ಸಿಟ್ಟಾಗುತ್ತಿದ್ದಳು.

ಭಾನುವಾರ ಬೆಳಗ್ಗೆ ಅದೇ ಮಕ್ಕಳಿಗೆ ಕನ್ನಡ ಪಾಠ. ಊರಿಂದ ತಂದ ಒಂದನೇ ತರಗತಿಯ ಪುಸ್ತಕ, ಸ್ಲೇಟು, ಕೊನೆಗೆ ಅವಲಕ್ಕಿ. ಕನ್ನಡ ಮಾಧ್ಯಮದ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿದ್ದ ಕಾಲ ಅದು. ಭಾಷೆ ಉಳಿಸುವ ದೊಡ್ಡ ಮಾತು ಅಮ್ಮನ ಬಾಯಲ್ಲಿ ಬರುತ್ತಿರಲಿಲ್ಲ. ‘ಊರಲ್ಲಿ ಬಸ್ಸಿನ ಬೋರ್ಡ್ ಓದ್ಲಿಕ್ಕಾದ್ರೂ ಬರ್ಬೇಕು, ಇಲ್ದಿದ್ರೆ ಅಜ್ಜಿಮನೆಗೆ ಹೋಪ್ದ್ ಹ್ಯಾಂಗೆ?’ ಅವಳ ಗುರಿ ಅಷ್ಟೇ. ಆ ಗುರಿ ಈಡೇರಿತು. ನನ್ನ ಮಗಳು ಬಸ್ಸಿನ ಬೋರ್ಡ್ ಓದುತ್ತಾಳೆ, ನಿಧಾನವಾಗಿ ಈ ಪತ್ರಿಕೆಯನ್ನೂ.

ಜುಲೈ ತಿಂಗಳ ಹಾಳೆ

ಅಮ್ಮನ ಎಲ್ಲ ದಾಖಲೆ ಇದ್ದದ್ದು ಅಡುಗೆಮನೆಯ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ. ಹಾಲು ಬಾರದ ದಿನ, ಗ್ಯಾಸ್ ಬಂದ ದಿನ, ಯಾರ ಆಪರೇಷನ್, ಯಾರಿಗೆ ಯಾವ ರಕ್ತದ ಗುಂಪು. ವರ್ಷ ಮುಗಿದ ಮೇಲೆ ಸುರುಳಿ ಸುತ್ತಿ ಅಟ್ಟಕ್ಕೆ. ಅವಳು ಹೋದ ಮೇಲೆ ನಾನು ಮತ್ತು ತಮ್ಮ ಕೂತು ಅವನ್ನೆಲ್ಲ ಬಿಚ್ಚಿದೆವು.

2005ರ ಜುಲೈ ಹಾಳೆ ಬೇರೆಯಾಗಿಯೇ ಇತ್ತು. ಜುಲೈ 26ರ ಮಂಗಳವಾರ ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದದ್ದು ನಿಮಗೆ ನೆನಪಿರಬಹುದು. ಲೋಕಲ್‌ಗಳು ನಿಂತವು, ಮೊಬೈಲ್ ಸಿಗುತ್ತಿರಲಿಲ್ಲ. ನಾನು ವಾಶಿಯ ಬ್ಯಾಂಕಿನಲ್ಲೇ ರಾತ್ರಿ ಕಳೆದೆ, ಒಂದೂವರೆ ವರ್ಷವೂ ತುಂಬದ ಮಗಳು ಅಮ್ಮನ ಹತ್ತಿರ. ನಮ್ಮ ಬಿಲ್ಡಿಂಗಿನ ಲ್ಯಾಂಡ್‌ಲೈನ್ ಅದೃಷ್ಟಕ್ಕೆ ಸತ್ತಿರಲಿಲ್ಲ. ಆ ಹಾಳೆಯ ಅಂಚಿನ ತುಂಬ ಹೆಸರುಗಳು. ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ, ಎಷ್ಟು ಗಂಟೆಗೆ ಫೋನ್ ಮಾಡಿದರು, ಮನೆಯವರಿಗೆ ತಿಳಿಸಿತೋ ಇಲ್ಲವೋ. ಕುರ್ಲಾ, ಘಾಟ್‌ಕೋಪರ್, ಕಳವಾ, ಮುಂಬ್ರಾ. ತಿಳಿಸಿದ ಮೇಲೆ ಒಂದು ಗುರುತು, ಮನೆ ಮುಟ್ಟಿದ ಮೇಲೆ ಇನ್ನೊಂದು. ಮೂವತ್ತೊಂದು ಹೆಸರು ಎಣಿಸಿದೆ. ಎಲ್ಲದಕ್ಕೂ ಎರಡೂ ಗುರುತು ಬಿದ್ದಿತ್ತು. ಆ ಪಟ್ಟಿಯಲ್ಲಿ ನನ್ನ ಹೆಸರು ಒಂಬತ್ತನೆಯದು. ಮಗಳೆಂದು ಮೇಲಕ್ಕೆ ಬರೆದಿರಲಿಲ್ಲ, ಫೋನ್ ಬಂದ ಕ್ರಮದಲ್ಲೇ ಬರೆದಿದ್ದಳು.

2020ರ ಮಾರ್ಚ್ ಹಾಳೆಯೂ ಹಾಗೆಯೇ. ಲೋಕಲ್ ನಿಂತು, ನಾಕಾಗಳು ಖಾಲಿಯಾಗಿ, ನಮ್ಮ ಬುಧವಾರದ ಹೆಂಗಸರು ಖೋಲಿಗಳಲ್ಲಿ ಸಿಕ್ಕಿಕೊಂಡಾಗ ಅರವತ್ತೇಳರ ಅಮ್ಮ ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಫೋನಿನಲ್ಲೇ ಕಿರಾಣಿ ಅಂಗಡಿಯವರಿಗೆ ಹೇಳಿ ಅಕ್ಕಿ, ಬೇಳೆ ಕಳಿಸಿದಳು. ‘ಲೆಕ್ಕ ನನ್ನ ಖಾತೆಗೆ’ ಎಂದದ್ದನ್ನು ಅಂಗಡಿಯವರು ಆಮೇಲೆ ಅರ್ಧಕ್ಕೆ ಇಳಿಸಿಕೊಂಡರಂತೆ.

ಸ್ವಯಂಸೇವಕಿ ಎಂಬ ಪದ

ಕನ್ನಡದಲ್ಲಿ ‘ಸ್ವಯಂಸೇವಕಿ’ ಎಂಬ ಪದ ಕೇಳಿದಾಗ ನನಗೆ ನೆನಪಾಗುವುದು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿಗೆ ಬಂದು, ಮದುವೆಯ ನಂತರ ಓದು ಮುಂದುವರಿಸಿ, ಗಾಂವ್‌ದೇವಿಯ ಮಹಿಳಾ ಸಮಾಜದಲ್ಲಿ ಹೆಂಗಸರಿಗೆ ಪಾಠ ಹೇಳಿದವರು. ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಗೆ ಹೋಗಿ, ಗಾಂಧೀಜಿ ಅಧ್ಯಕ್ಷತೆಯ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸೇರಿಸಿದರು. ಉಮಾಬಾಯಿಯವರ ಹೆಸರು ಇತಿಹಾಸದಲ್ಲಿದೆ. ಮನೆಯಿಂದ ಹೊರಗೆ ಬರುವುದೇ ಕಷ್ಟವಾಗಿದ್ದ ಕಾಲದಲ್ಲಿ ಅವರ ಮಾತಿಗೆ ಬಂದ ಆ ನೂರೈವತ್ತು ಹೆಂಗಸರ ಹೆಸರುಗಳು ಎಷ್ಟು ಜನಕ್ಕೆ ಗೊತ್ತು? ಅವರೂ ಯಾರದೋ ಅಮ್ಮಂದಿರು, ಅಜ್ಜಿಯರು. ಅವರ ಮನೆಯವರಲ್ಲಿ ಒಬ್ಬರಾದರೂ ಎರಡು ಪುಟ ಬರೆದಿಟ್ಟಿದ್ದರೆ ನಮ್ಮ ಇತಿಹಾಸ ಇನ್ನಷ್ಟು ತುಂಬಿರುತ್ತಿತ್ತು.

ಫೋನ್ ಇನ್ನೂ ಬರುತ್ತಿದೆ

ಅಮ್ಮನ ಹದಿಮೂರನೆಯ ದಿನಕ್ಕೆ ನಾವು ಎಂಬತ್ತು ಜನಕ್ಕೆ ಅಡುಗೆ ಹೇಳಿದ್ದೆವು. ಎರಡು ಸಲ ಅನ್ನ ಮಾಡಿಸಬೇಕಾಯಿತು. ನಾಕಾದ ಹೆಂಗಸರು ಆ ದಿನದ ಕೂಲಿ ಬಿಟ್ಟು ಬಂದಿದ್ದರು. ಅವರಲ್ಲೊಬ್ಬರು ನನ್ನ ಕೈ ಹಿಡಿದು, ‘ಅಕ್ಕಾರು ಇದ್ದಾಗ ದವಾಖಾನಿಗೆ ಹೋಗಾಕ ಅಂಜಿಕಿ ಇರ್ಲಿಲ್ರಿ. ಇನ್ನ ಯಾರ್ನ ಕರ್ಕೊಂಡು ಹೋಗೂಣ್ರಿ?’ ಎಂದರು. ಸಾಂತ್ವನದ ಮಾತುಗಳ ನಡುವೆ ಉತ್ತರ ಬೇಕಾದ ಪ್ರಶ್ನೆ ಅದೊಂದೇ ಆಗಿತ್ತು.

ಅಮ್ಮನ ಮೊಬೈಲಿಗೆ ಫೋನ್ ಬರುವುದು ನಿಲ್ಲಲಿಲ್ಲ. ಸಿಮ್ ಮುಚ್ಚಿಸಲು ಹೊರಟಿದ್ದ ತಮ್ಮ ಒಂದು ವಾರ ಆ ಫೋನ್ ಎತ್ತಿದ ಮೇಲೆ ತಾನೇ ಬೇಡ ಎಂದ. ಈಗ ನಾವು ಐದು ಜನ ಸೇರಿದ್ದೇವೆ. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿರುವ ತಮ್ಮನ ಹೆಂಡತಿ, ಡೊಂಬಿವಲಿಯ ಇಬ್ಬರು ನಿವೃತ್ತ ಶಿಕ್ಷಕಿಯರು, ಕಲ್ಯಾಣಿನ ಒಬ್ಬ ಹುಡುಗಿ, ನೆರೂಲಿನಿಂದ ನಾನು. ಕಲ್ಯಾಣಿನ ಹುಡುಗಿ ಅಂದು ‘ಹೊಟ್ಟಿ ಕಡೀತೈತ್ರಿ’ ಎಂದವರ ಮಗಳು. ಈಗ ಅವಳೇ ನರ್ಸಿಂಗ್ ಮುಗಿಸಿದ್ದಾಳೆ, ಎರಡೂ ಕನ್ನಡ, ಮರಾಠಿ, ಹಿಂದಿ ನಾಲ್ಕೂ ಬರುತ್ತದೆ. ಆ ಹಳೆಯ ಹ್ಯಾಂಡ್‌ಸೆಟ್ ವಾರಕ್ಕೊಬ್ಬರ ಮನೆಯಲ್ಲಿ ಇರುತ್ತದೆ.

ಎಲ್ಲವೂ ನಡೆಯುತ್ತಿದೆ ಎಂದು ಹೇಳಲಾರೆ. ಭಾನುವಾರದ ಕನ್ನಡ ಪಾಠ ನಿಂತಿದೆ. ಮಕ್ಕಳಿಗೆ ಭಾನುವಾರವೂ ಕ್ಲಾಸ್, ನಮಗೂ ಬಿಡುವಿಲ್ಲ. ಅಮ್ಮ ಒಬ್ಬಳೇ ಮಾಡುತ್ತಿದ್ದುದರ ಅರ್ಧದಷ್ಟನ್ನು ಐದು ಜನ ಮಾಡುತ್ತಿದ್ದೇವೆ. ಒಬ್ಬಳು ಗೃಹಿಣಿಯ ಬಿಡುವು ಎಂದು ನಾವೆಲ್ಲ ಅಂದುಕೊಂಡದ್ದು ಎಷ್ಟು ಗಂಟೆಗಳ ಕೆಲಸವಾಗಿತ್ತು ಎಂಬ ಲೆಕ್ಕ ಈಗ ಸಿಗುತ್ತಿದೆ.

ಪುಣೆಯಲ್ಲೋ ಚೆನ್ನೈಯಲ್ಲೋ ದಿಲ್ಲಿಯಲ್ಲೋ ದುಬೈಯಲ್ಲೋ ಇದನ್ನು ಓದುತ್ತಿರುವವರಲ್ಲಿ ಒಂದು ಮಾತು. ನಿಮ್ಮ ಊರಿನ ಕನ್ನಡ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಶಾಲು ಹೊದೆಸುವ ಮೊದಲು ಒಂದು ದಿನ ಅವರ ಜೊತೆ ಹೋಗಿ. ಅವರು ಯಾರ ಮನೆಗೆ ಹೋಗುತ್ತಾರೆ, ಯಾವ ಕಚೇರಿಯಲ್ಲಿ ಯಾರನ್ನು ಮಾತಾಡಿಸುತ್ತಾರೆ, ಏನು ಬರೆದುಕೊಳ್ಳುತ್ತಾರೆ ನೋಡಿ. ಅವರ ಕೆಲಸದಲ್ಲಿ ಒಂದನ್ನಾದರೂ ಅವರಿರುವಾಗಲೇ ಕಲಿತುಕೊಳ್ಳಿ.

ಅಮ್ಮನ ಫೋನ್ ಈ ವಾರ ಥಾಣೆಯಲ್ಲಿದೆ. ಮುಂದಿನ ವಾರ ನನ್ನ ಸರದಿ, ಬುಧವಾರಕ್ಕೆ ಬ್ಯಾಂಕಿನಲ್ಲಿ ಅರ್ಧ ದಿನ ರಜೆ ಹಾಕಿದ್ದೇನೆ.